ಮೊಗದ ಗುರುತು

ನಮ್ಮ ಮನೆಯಲ್ಲಿ ಮೂರು ವರ್ಷದಿಂದ ಒಂದು ಹೊಸ ಶಬ್ದ ಓಡಾಡುತ್ತಿದೆ. ಅದರ ಪೂರ್ತಿ ಹೆಸರು ಮೈಲಿನ್ ಆಲಿಗೋಡೆಂಡ್ರೊಸೈಟ್ ಗ್ಲೈಕೋಪ್ರೋಟೀನ್. ಹೈಸ್ಕೂಲಿನಲ್ಲಿ ಮೂವತ್ತೆರಡು ವರ್ಷ ವಿಜ್ಞಾನ ಪಾಠ ಹೇಳಿದ ನನಗೇ ಇದನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಲು ನಾಲ್ಕು ದಿನ ಬೇಕಾಯಿತು. ವೈದ್ಯರು ಮೊದಲಕ್ಷರಗಳನ್ನಷ್ಟೇ ಕೂಡಿಸಿ ‘ಮಾಗ್’ ಎನ್ನುತ್ತಾರೆ. ಎಂಬತ್ತೆರಡು ವರ್ಷದ ನನ್ನ ಅಮ್ಮನ ಕಿವಿಗೆ ಅದು ‘ಮೊಗ’ ಎಂದು ಬಿತ್ತು. “ಅದೇನೇ ಅದು, ಮಗುವಿನ ರಕ್ತದಲ್ಲಿ ಮೊಗ ಸಿಕ್ಕಿತಂತಲ್ಲ?” ಎಂದು ಕೇಳಿದಳು. ನಾನು ತಿದ್ದಲು ಬಾಯಿ ತೆರೆದೆ. ಬೆಂಗಳೂರಿನಿಂದ ರಜೆಗೆ ಬಂದಿದ್ದ ನನ್ನ ಸೊಸೆ, “ಬಿಡಿ ಅತ್ತೆ, ಅಜ್ಜಿ ಹೇಳಿದ್ದೇ ಸರಿಯಾಗಿದೆ” ಎಂದು ನಕ್ಕಳು. ಅವಳು ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು; ಅದೂ ಇದೇ ಪ್ರೋಟೀನಿನ ಜೊತೆ. ಅವಳು ಸುಮ್ಮನೆ ನಗುವವಳಲ್ಲ. ಅಂದಿನಿಂದ ನಮ್ಮ ಮನೆಮಂದಿಗೆಲ್ಲ ಅದು ಮೊಗವೇ ಆಯಿತು.

ಮಗು ಎಂದರೆ ನನ್ನ ತಂಗಿಯ ಮಗಳು ಪುಟ್ಟಿ. ತಂಗಿಗೆ ತಡವಾಗಿ ಹುಟ್ಟಿದ ಒಬ್ಬಳೇ ಮಗಳು. 2022ರ ಜೂನ್ ತಿಂಗಳು, ಶಾಲೆ ಶುರುವಾಗಿ ಹದಿನೈದು ದಿನವೂ ಆಗಿರಲಿಲ್ಲ. ಹನ್ನೊಂದು ವರ್ಷದ ಹುಡುಗಿ ಎಡಗಣ್ಣು ಹೊರಳಿಸಿದರೆ ನೋವು ಎಂದಳು. ಮೊಬೈಲ್ ನೋಡಿ ನೋಡಿ ಬಂದದ್ದು ಎಂದು ಅವಳಪ್ಪ ಗದರಿದ. ಮಾರನೆಯ ದಿನ ಜಡೆ ಹಾಕಿಸಿಕೊಳ್ಳಲು ಕೂತವಳು ಒಂದು ಕಣ್ಣು ಮುಚ್ಚಿ, ಇನ್ನೊಂದು ಕಣ್ಣು ಮುಚ್ಚಿ, ಕೈಯಲ್ಲಿದ್ದ ಕೆಂಪು ರಿಬ್ಬನ್ನನ್ನು ನೋಡುತ್ತ, “ಅಮ್ಮಾ, ಈ ಕಣ್ಣಿಗೆ ಇದು ಕೆಂಪು, ಆ ಕಣ್ಣಿಗೆ ಮಣ್ಣಿನ ಬಣ್ಣ” ಎಂದಳಂತೆ. ಎರಡು ದಿನ ಕಳೆಯುವಷ್ಟರಲ್ಲಿ ಎಡಗಣ್ಣಿಗೆ ಕಿಟಕಿ ಎಲ್ಲಿದೆ ಎಂಬುದಷ್ಟೇ ತಿಳಿಯುತ್ತಿತ್ತು. ಬಲಗಣ್ಣೂ ಮಂಜಾಗತೊಡಗಿತು. ತಂಗಿ ಫೋನಿನಲ್ಲಿ ಮಾತಾಡಲಿಲ್ಲ, ಬರೀ “ಅಕ್ಕಾ” ಎಂದಳು. ನಾನು ಸೀರೆ ಬದಲಿಸದೆ ಹೊರಟೆ.

ದೊಡ್ಡ ಊರಿನ ಒಂದು ಆಸ್ಪತ್ರೆಗೆ ಸೇರಿಸಿದೆವು. ಯಾವುದು ಎಂಬುದು ಇಲ್ಲಿ ಬೇಡ. ತಲೆಯ ಎಂ.ಆರ್.ಐ. ಆಯಿತು. ಬೆನ್ನಿನಿಂದ ನೀರು ತೆಗೆದದ್ದೂ ಆಯಿತು. ಮೂರನೆಯ ದಿನ ಬೆಳಿಗ್ಗೆ ಒಬ್ಬ ವೈದ್ಯರು ಕಾರಿಡಾರಿನಲ್ಲಿ ನಡೆಯುತ್ತಲೇ, “ಮಲ್ಟಿಪಲ್ ಸ್ಕ್ಲೀರೋಸಿಸ್ ಇರಬೇಕು, ಜೀವನಪೂರ್ತಿ ಔಷಧ ತಗೋಬೇಕು” ಎಂದು ಹೇಳಿ, ಒಂದು ಚೀಟಿಯಲ್ಲಿ ಚುಚ್ಚುಮದ್ದಿನ ಹೆಸರು ಬರೆದುಕೊಟ್ಟು ಮುಂದಿನ ವಾರ್ಡಿಗೆ ಹೋದರು. ಆ ಚೀಟಿ ಬರೆಯಲು ಹಿಡಿದಷ್ಟು ಹೊತ್ತನ್ನಾದರೂ ತಾಯಿಯ ಮುಖ ನೋಡಲು ಕೊಡಬಹುದಿತ್ತು ಎಂದು ನನಗೆ ಇವತ್ತಿಗೂ ಅನ್ನಿಸುತ್ತದೆ. ತಂಗಿ ಅಲ್ಲೇ ಸ್ಟೀಲ್ ಬೆಂಚಿನ ಮೇಲೆ ಕೂತುಬಿಟ್ಟಳು. ನೋಡಲು ಬಂದ ನೆಂಟರೊಬ್ಬರು ಕಿವಿಯ ಹತ್ತಿರ ಬಾಗಿ, “ಹೆಣ್ಣುಮಗು, ಖಾಯಿಲೆ ಹೆಸರು ಎಲ್ಲರ ಹತ್ತಿರ ಆಡಬೇಡಿ” ಎಂದು ಉಪದೇಶ ಮಾಡಿ ಕಾಫಿ ಕುಡಿದು ಹೋದರು. ಹನ್ನೊಂದರ ಹುಡುಗಿಗೆ ಕಣ್ಣು ಕಾಣುತ್ತಿಲ್ಲ. ಇವರಿಗೆ ಆಗಲೇ ಅವಳ ಮದುವೆಯ ಚಿಂತೆ!

ಆ ರಾತ್ರಿ ಸೊಸೆಗೆ ಫೋನು ಮಾಡಿದೆ. ಅವಳು ವೈದ್ಯಳಲ್ಲ, ವೈದ್ಯರ ಮಾತಿಗೆ ಅಡ್ಡ ಬರುವ ಸ್ವಭಾವದವಳೂ ಅಲ್ಲ. ಎಲ್ಲ ಕೇಳಿಸಿಕೊಂಡು, “ಸ್ಟೀರಾಯ್ಡ್ ಡ್ರಿಪ್ ಐದು ದಿನ ಆಗಲಿ ಅತ್ತೆ, ಅದು ಯಾವುದಕ್ಕಾದರೂ ಬೇಕು. ಆದರೆ ಆ ಚೀಟಿಯ ಔಷಧ ಶುರು ಮಾಡುವ ಮೊದಲು ಮಾಗ್ ಪ್ರತಿಕಾಯದ ಪರೀಕ್ಷೆ ಆಗಿದೆಯಾ ಅಂತ ಕೇಳಿ. ಮಗುವಿಗೆ ಎರಡೂ ಕಣ್ಣಿಗೆ ಬಂದಿದೆ ಅಂದರೆ ಕೇಳಲೇಬೇಕು” ಎಂದಳು. ಕೇಳಿದೆವು. ಆಗಿರಲಿಲ್ಲ. ಅದೇ ಆಸ್ಪತ್ರೆಯ ಹಿರಿಯ ವೈದ್ಯರೊಬ್ಬರು ಮರುಮಾತಿಲ್ಲದೆ ಒಪ್ಪಿ ರಕ್ತ ತೆಗೆಸಿದರು.

ಇನ್ನು ಈ ಮೊಗ ಎಂದರೇನು ಎಂದು ಹೇಳಬೇಕಲ್ಲ. ಬಾಳೆಮರ ಕಡಿದು ದಿಂಡಿನ ಪಲ್ಯ ಮಾಡಿದವರಿಗೆ ಇದನ್ನು ವಿವರಿಸುವುದು ಸುಲಭ. ನಡುವೆ ಬಿಳಿಯ ದಿಂಡು, ಅದರ ಸುತ್ತ ಒಂದರ ಮೇಲೊಂದು ಸುತ್ತಿಕೊಂಡ ಪಟ್ಟೆಗಳು. ನಮ್ಮ ನರಗಳ ಎಳೆಗಳೂ ಹಾಗೆಯೇ. ನಡುವಿನ ಎಳೆಯಲ್ಲಿ ಸುದ್ದಿ ಓಡುತ್ತದೆ. ಸುತ್ತಲಿನ ಪದರ ಪದರದ ಹೊದಿಕೆ ಆ ಓಟಕ್ಕೆ ವೇಗ ಕೊಡುತ್ತದೆ. ಈ ಹೊದಿಕೆಗೆ 1854ರಲ್ಲಿ ಜರ್ಮನಿಯ ವಿರ್ಖೋ ಎಂಬ ವೈದ್ಯ ‘ಮೈಲಿನ್’ ಎಂದು ಹೆಸರಿಟ್ಟ. ನೀರು ಒಣಗಿಸಿ ತೂಗಿದರೆ ಅದರಲ್ಲಿ ನೂರಕ್ಕೆ ಎಪ್ಪತ್ತು ಪಾಲಿಗೂ ಹೆಚ್ಚು ಬರೀ ಕೊಬ್ಬು. ಅದಕ್ಕೇ ಮೆದುಳಿನ ಒಳಭಾಗ ಬೆಣ್ಣೆಯಂತೆ ಬೆಳ್ಳಗೆ ಕಾಣುವುದು. ಹೊದಿಕೆ ಇರುವ ದಪ್ಪ ನರದಲ್ಲಿ ಸುದ್ದಿ ಸೆಕೆಂಡಿಗೆ ಸುಮಾರು 100 ಮೀಟರು ಓಡಿದರೆ, ಹೊದಿಕೆಯೇ ಇಲ್ಲದ ಸಣ್ಣ ನರದಲ್ಲಿ ಒಂದೆರಡು ಮೀಟರು ತೆವಳುತ್ತದೆ. ಕಣ್ಣಿನಿಂದ ಮೆದುಳಿಗೆ ಹೋಗುವ ನರದ ಹೊದಿಕೆ ಹಾಳಾದರೆ ಕಣ್ಣು ಚೆನ್ನಾಗಿದ್ದರೂ ನೋಟ ಇಲ್ಲ. ಪುಟ್ಟಿಗೆ ಆದದ್ದು ಅದೇ.

ಬಾಳೆಯ ತೀರಾ ಹೊರಗಿನ ಪಟ್ಟೆ ಇದೆಯಲ್ಲ, ಗಾಳಿ, ಬಿಸಿಲು, ದನದ ಮೂತಿ ಎಲ್ಲ ಮೊದಲು ತಾಗುವುದು ಅದಕ್ಕೆ. ಮೈಲಿನ್ನಿನ ಅಂಥ ಹೊರಮೈಯಲ್ಲಿ ನಿಂತಿರುವ ಪ್ರೋಟೀನು ಈ ಮೊಗ. ಎಷ್ಟಿದೆ ಎಂದು ಕೇಳಿದರೆ ನಗು ಬರುತ್ತದೆ. ಮೈಲಿನ್ನಿನ ಪ್ರೋಟೀನುಗಳಲ್ಲಿ ಅದರ ಪಾಲು ಸಾವಿರಕ್ಕೆ ಒಂದೂ ಇಲ್ಲ. 1984ರಲ್ಲಿ ಕ್ರಿಸ್ಟೋಫರ್ ಲಿನಿಂಗ್ಟನ್ ಮತ್ತು ಸಂಗಡಿಗರು ಒಂದು ಪ್ರತಿಕಾಯವನ್ನು ಬಳಸಿ ಇದನ್ನು ಗುರುತಿಸುವವರೆಗೆ ಹೆಚ್ಚಿನವರಿಗೆ ಇದರ ಪರಿಚಯವೇ ಇರಲಿಲ್ಲ. ಇನ್ನೂ ಸೋಜಿಗದ ಮಾತು: ಈ ಪ್ರೋಟೀನೇ ಇಲ್ಲದಂತೆ ಇಲಿಗಳನ್ನು ಹುಟ್ಟಿಸಿ ನೋಡಿದರೆ ಅವು ಉಳಿದ ಇಲಿಗಳಂತೆಯೇ ತಿಂದುಂಡು ಓಡಾಡಿಕೊಂಡಿದ್ದವಂತೆ. ಇಲ್ಲದಿದ್ದರೂ ನಡೆಯುವ, ಇದ್ದೂ ಕಾಣದ ಒಂದು ವಸ್ತು. ಅದರ ಮೇಲೆ ದೇಹ ತಿರುಗಿಬಿದ್ದರೆ ಮಾತ್ರ ಮಗುವಿನ ಕಣ್ಣು ಹೋಗುತ್ತದೆ. ಮದುವೆಮನೆಯಲ್ಲಿ ಮೂಲೆಯಲ್ಲಿ ಸುಮ್ಮನೆ ಕೂತವರ ಹೆಸರಿನಲ್ಲೇ ದೊಡ್ಡ ಜಗಳ ಏಳುವುದನ್ನು ನೀವೂ ನೋಡಿರುತ್ತೀರಿ.

ತಿರುಗಿಬೀಳುವುದು ಯಾರು? ಪ್ರತಿಕಾಯಗಳು. ಸಿಡುಬು, ದಡಾರದ ಕ್ರಿಮಿ ಬಂದರೆ ಹಿಡಿಯಲೆಂದು ನಮ್ಮ ರಕ್ತವೇ ತಯಾರಿಸುವ ಕಾವಲುಗಾರರು. ಇವರು ವಿಳಾಸ ಓದುವವರಲ್ಲ. ಮುಖ ನೋಡಿ ಹಿಡಿಯುವವರು. ಎದುರಿಗಿರುವ ಪ್ರೋಟೀನಿನ ಉಬ್ಬುತಗ್ಗು, ಮಡಿಕೆ, ಮೂಲೆ ಇವೇ ಅವರಿಗೆ ಗುರುತು. ಸೊಸೆ ಅಮ್ಮನ ‘ಮೊಗ’ವನ್ನು ಸರಿ ಎಂದದ್ದು ಇದಕ್ಕೆ.

ರಿಪೋರ್ಟ್ ಬರಲು ಹನ್ನೆರಡು ದಿನ ಹಿಡಿಯಿತು. ಅಷ್ಟರಲ್ಲಿ ಡ್ರಿಪ್ ಮುಗಿದು ಪುಟ್ಟಿಗೆ ನೋಟ ಮರಳತೊಡಗಿತ್ತು. ಮೊದಲು ಬಾಗಿಲು, ಆಮೇಲೆ ನನ್ನ ಕನ್ನಡಕ, ಆಮೇಲೆ ದಿನಪತ್ರಿಕೆಯ ದಪ್ಪಕ್ಷರ. ಸ್ಟೀರಾಯ್ಡ್ ಮಾತ್ರೆಗೆ ಅವಳ ಕೆನ್ನೆ ಉಬ್ಬಿ ಪೂರಿಯ ಹಾಗಾಯಿತು. ಕನ್ನಡಿಯ ಮುಂದೆ ನಿಂತು ಅಳುತ್ತಿದ್ದಳು. ರಿಪೋರ್ಟಿನಲ್ಲಿ ಮಾಗ್ ಪ್ರತಿಕಾಯ ಇದೆ ಎಂದು ಬಂತು. ತಂಗಿಗೆ ಸಂತೋಷ ಪಡಬೇಕೋ ಅಳಬೇಕೋ ತಿಳಿಯಲಿಲ್ಲ. ಹಿರಿಯ ವೈದ್ಯರು ಈ ಸಲ ಕುರ್ಚಿ ಎಳೆದು ಕೂರಿಸಿ ಹೇಳಿದರು: ಇದು ಎಂ.ಎಸ್. ಅಲ್ಲ, ಇದರ ದಾರಿಯೇ ಬೇರೆ. ಸುಮಾರು ಅರ್ಧಕ್ಕರ್ಧ ಜನರಿಗೆ ಒಮ್ಮೆ ಬಂದು ಹೋದರೆ ಮತ್ತೆ ಬರುವುದಿಲ್ಲ. ಮಕ್ಕಳು ಬಹಳ ಮಟ್ಟಿಗೆ ಚೇತರಿಸಿಕೊಳ್ಳುತ್ತಾರೆ. ಎಂ.ಎಸ್.ಗೆ ಕೊಡುವ ಹಲವು ಔಷಧಗಳು ಇದಕ್ಕೆ ಪ್ರಯೋಜನಕ್ಕೆ ಬರುವುದಿಲ್ಲ. ಚೀಟಿಯಲ್ಲಿದ್ದ ಆ ಚುಚ್ಚುಮದ್ದು ಬೇಡವೇ ಬೇಡ.

ಮರುವರ್ಷ, 2023ರ ಜನವರಿಯಲ್ಲಿ, ಮಗನ ಮನೆಗೆ ಬೆಂಗಳೂರಿಗೆ ಹೋದಾಗ ಸೊಸೆ ಒಂದು ಶನಿವಾರ ತನ್ನ ಪ್ರಯೋಗಾಲಯಕ್ಕೆ ಕರೆದುಕೊಂಡು ಹೋದಳು. ಮಂಜು ಕಟ್ಟಿದ ಪೆಟ್ಟಿಗೆಯೊಳಗಿಂದ ಕಿರುಬೆರಳ ಗಾತ್ರದ ಒಂದು ಪ್ಲಾಸ್ಟಿಕ್ ಕೊಳವೆ ತೆಗೆದು ತೋರಿಸಿದಳು. ತಳದಲ್ಲಿ ಚಿಟಿಕೆಯೂ ಅಲ್ಲದ ಬಿಳಿಪುಡಿ, 100 ಮೈಕ್ರೋಗ್ರಾಂ. ಒಂದು ಸಾಸಿವೆ ಕಾಳನ್ನು ಹತ್ತಿಪ್ಪತ್ತು ಚೂರು ಮಾಡಿದರೆ ಒಂದು ಚೂರು ಎಷ್ಟೋ ಅಷ್ಟು. “ಇದೇ ಅತ್ತೆ, ರಿಕಾಂಬಿನೆಂಟ್ ಮಾನವ ಮಾಗ್” ಎಂದಳು. ಚೀಟಿಯ ಮೇಲೆ ಸಣ್ಣ ಅಕ್ಷರದಲ್ಲಿ, ಸಂಶೋಧನೆಗೆ ಮಾತ್ರ, ಮನುಷ್ಯರಿಗೆ ಬಳಸತಕ್ಕದ್ದಲ್ಲ ಎಂಬ ಅರ್ಥದ ಇಂಗ್ಲಿಷ್ ಸಾಲು. ಮನುಷ್ಯನದೇ ಪ್ರೋಟೀನು, ಮನುಷ್ಯನಿಗೆ ಕೊಡಬಾರದು! ಇದನ್ನು ಮೊದಲ ಸಲ ಓದಿದಾಗ ನನಗೂ ವಿಚಿತ್ರ ಎನಿಸಿತು. ಯಾಕೆ ಕೊಡಬಾರದು ಎಂಬುದಕ್ಕೆ ನಮ್ಮ ಮನೆತನದಲ್ಲೇ ಒಂದು ಕಥೆ ಇದೆ, ಆಮೇಲೆ ಹೇಳುತ್ತೇನೆ.

ಮಾನವ ಎಂದರೆ ಯಾರೋ ಸತ್ತವರ ಮೆದುಳಿನಿಂದ ತೆಗೆದದ್ದೇ ಎಂದು ನಾನು ಕೇಳಿದೆ. ಅಲ್ಲವಂತೆ. ಈ ಪ್ರೋಟೀನು ಮಾಡುವ ವಿಧಾನ ನಮ್ಮ ಆರನೆಯ ಕ್ರೋಮೋಸೋಮಿನಲ್ಲಿ ಬರೆದಿದೆ. ಆ ಬರಹದ ಬೇಕಾದ ತುಂಡನ್ನು ಮಾತ್ರ ಒಂದು ಬ್ಯಾಕ್ಟೀರಿಯಾದೊಳಗೆ ಸೇರಿಸಿದರೆ ಅದು ಯಾಕೆ, ಏನು ಎಂದು ಕೇಳದೆ ನಮ್ಮ ಪ್ರೋಟೀನನ್ನು ಮಾಡಿಕೊಡುತ್ತದೆ. ಇನ್ಸುಲಿನ್ ನೆನಪಿಸಿಕೊಳ್ಳಿ. ನನ್ನ ಅಪ್ಪ 80ರ ದಶಕದಲ್ಲಿ ಚುಚ್ಚಿಕೊಳ್ಳುತ್ತಿದ್ದ ಇನ್ಸುಲಿನ್ ದನ, ಹಂದಿಗಳ ಮೇದೋಜೀರಕ ಗ್ರಂಥಿಯಿಂದ ಬಂದದ್ದು. ಸಂಧ್ಯಾವಂದನೆ ತಪ್ಪಿಸದ ಅಪ್ಪನಿಗೆ ಅದನ್ನು ಹೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ. 1978ರಲ್ಲಿ ಅಮೆರಿಕದಲ್ಲಿ ಬ್ಯಾಕ್ಟೀರಿಯಾದಿಂದಲೇ ಮಾನವ ಇನ್ಸುಲಿನ್ ಮಾಡಿಸಿದರು. 1982ರಲ್ಲಿ ಅದು ಔಷಧವಾಗಿ ಒಪ್ಪಿಗೆ ಪಡೆಯಿತು. ಮೊಗವನ್ನೂ ಅದೇ ಕ್ರಮದಲ್ಲಿ ಮಾಡುತ್ತಾರೆ. ಪೂರ್ತಿ ಪ್ರೋಟೀನು 218 ಮಣಿಗಳ ಸರ. ಅದರಲ್ಲಿ ಹೊರಗೆ ಚಾಚಿರುವ, ಸುಮಾರು 125 ಮಣಿಗಳ ಭಾಗವನ್ನಷ್ಟೇ ಮಾಡಿಸುವುದು ರೂಢಿ.

ಆದರೆ ಬ್ಯಾಕ್ಟೀರಿಯಾ ಬಾಡಿಗೆ ಕೆಲಸದವನ ಹಾಗೆ. ಸರ ಪೋಣಿಸಿಕೊಡುತ್ತದೆ, ಮಡಿಸಿಕೊಡುವುದಿಲ್ಲ. ಅವಸರದಲ್ಲಿ ಬೀರುವಿಗೆ ತುರುಕಿದ ಸೀರೆಗಳಂತೆ ಪ್ರೋಟೀನೆಲ್ಲ ಮುದ್ದೆಮುದ್ದೆಯಾಗಿ ಕೂತಿರುತ್ತದೆ. ಅದನ್ನು ಯೂರಿಯಾದಲ್ಲಿ ಕರಗಿಸಿ, ಹೌದು, ನಮ್ಮ ಗದ್ದೆಗೆ ಹಾಕುವ ಯೂರಿಯಾವೇ, ಸಿಕ್ಕು ಬಿಡಿಸಿ, ಆಮೇಲೆ ಯೂರಿಯಾವನ್ನು ನಿಧಾನವಾಗಿ ತೆಗೆಯುತ್ತ ಬಂದರೆ ಸರ ತಾನಾಗಿ ತನ್ನ ಆಕಾರಕ್ಕೆ ಮಡಿಚಿಕೊಳ್ಳುತ್ತದೆ. ಮಡಿಚಿಕೊಂಡರೆ ಪುಣ್ಯ. ಇನ್ನೊಂದು ಕೊರತೆಯೂ ಉಂಟು. ನಮ್ಮ ದೇಹದಲ್ಲಿ ಈ ಪ್ರೋಟೀನಿನ 31ನೆಯ ಮಣಿಗೆ ಒಂದು ಸಕ್ಕರೆಯ ಸರಪಳಿ ಅಂಟಿಕೊಂಡಿರುತ್ತದೆ. ಬ್ಯಾಕ್ಟೀರಿಯಾಕ್ಕೆ ಆ ಕೆಲಸ ಬಾರದು. ಹೀಗಾಗಿ ಕೊಳವೆಯಲ್ಲಿರುವುದು ಮೊಗವೇ ಆದರೂ ಒಡವೆ ಕಳಚಿಟ್ಟ ಮೊಗ. ಮಡಿಕೆ ಕೆಟ್ಟರಂತೂ ಗುರುತೇ ಸಿಗದ ಮೊಗ.

ಇದರಿಂದ ಆದ ಫಜೀತಿ ಸಣ್ಣದಲ್ಲ. 2003ರಲ್ಲಿ ಆಸ್ಟ್ರಿಯಾದ ವೈದ್ಯರು 103 ರೋಗಿಗಳ ರಕ್ತ ಪರೀಕ್ಷಿಸಿ, ಮಾಗ್ ಪ್ರತಿಕಾಯ ಇದ್ದವರಿಗೆ ಬೇಗ ಎಂ.ಎಸ್. ಬರುತ್ತದೆ ಎಂದು ದೊಡ್ಡ ಪತ್ರಿಕೆಯಲ್ಲಿ ಬರೆದರು. ಪ್ರಪಂಚವೆಲ್ಲ ಈ ಪರೀಕ್ಷೆಯ ಹಿಂದೆ ಬಿತ್ತು. ನಾಲ್ಕು ವರ್ಷದ ಬಳಿಕ, 2007ರಲ್ಲಿ, ಅದೇ ಪತ್ರಿಕೆಯಲ್ಲಿ 462 ರೋಗಿಗಳ ಲೆಕ್ಕ ಬಂತು: ಅಂಥ ಸಂಬಂಧವೇನೂ ಕಾಣುವುದಿಲ್ಲ! ಆಗ ಬಳಸಿದ್ದು ಮಡಿಕೆ ಬಿಚ್ಚಿ ಪಟ್ಟಿಯ ಮೇಲೆ ಚಪ್ಪಟೆಯಾಗಿ ಹರಡಿದ ಪ್ರೋಟೀನು. ಮುಖವೇ ಇಲ್ಲದ ಮೇಲೆ ಗುರುತು ಹಿಡಿಯುವುದು ಎಲ್ಲಿಂದ ಬಂತು? ಅದಕ್ಕೆ ಅಂಟಿಕೊಳ್ಳುವ, ಯಾವ ಹಾನಿಯನ್ನೂ ಮಾಡದ ಪ್ರತಿಕಾಯ ಆರೋಗ್ಯವಂತರ ರಕ್ತದಲ್ಲೂ ಸಿಗುತ್ತದೆ. ಅದೇ 2007ರಲ್ಲಿ ಇನ್ನೊಂದು ತಂಡ ಸರಿಯಾಗಿ ಮಡಿಚಿಕೊಂಡ ಮೊಗಗಳನ್ನು ನಾಲ್ಕು ನಾಲ್ಕಾಗಿ ಜೋಡಿಸಿ ಪರೀಕ್ಷಿಸಿತು. ಈ ಸಲ ಪ್ರತಿಕಾಯ ಸಿಕ್ಕಿದ್ದು ದೊಡ್ಡವರ ಎಂ.ಎಸ್.ನಲ್ಲಿ ಅಲ್ಲ, ಮೆದುಳಿನ ನರಕವಚಕ್ಕೆ ಉರಿಯೂತ ಬಂದ ಮಕ್ಕಳಲ್ಲಿ. ಕಾಯಿಲೆಯೇ ಬೇರೆ ಎಂಬ ಅನುಮಾನಕ್ಕೆ ಅಲ್ಲಿಂದ ಬಲ ಬಂತು. 2023ರಲ್ಲಿ ಅದನ್ನು ಗುರುತಿಸುವ ಅಂತರರಾಷ್ಟ್ರೀಯ ನಿಯಮಗಳೂ ಪ್ರಕಟವಾದವು.

ಈಗಿನ ಒಳ್ಳೆಯ ಪರೀಕ್ಷೆಯಲ್ಲಿ ಪ್ರೋಟೀನನ್ನು ಕೊಳವೆಯಿಂದ ತೆಗೆದು ಬಳಸುವುದಿಲ್ಲ. 1973ರಲ್ಲಿ ನೆದರ್ಲೆಂಡ್ಸಿನ ಲೈಡನ್ನಿನಲ್ಲಿ ಬೆಳೆಸಲು ಶುರುಮಾಡಿದ ಮಾನವ ಜೀವಕೋಶಗಳ ಒಂದು ತಳಿ ಇದೆ. ಮೊಸರಿನ ಹೆಪ್ಪಿನಂತೆ ಇಂದಿಗೂ ಲ್ಯಾಬಿನಿಂದ ಲ್ಯಾಬಿಗೆ ಹೋಗುತ್ತಿದೆ. ಆ ಜೀವಕೋಶಗಳಿಗೆ ಮೊಗದ ಬರಹ ಕೊಟ್ಟರೆ ಅವು ಅದನ್ನು ಸರಿಯಾಗಿ ಮಡಿಸಿ, ಸಕ್ಕರೆ ಅಂಟಿಸಿ, ತಮ್ಮ ಮೈಮೇಲೆ ಧರಿಸಿಕೊಂಡು ನಿಲ್ಲುತ್ತವೆ. ರೋಗಿಯ ರಕ್ತದ ತಿಳಿಯನ್ನು ಅದರ ಮೇಲೆ ಹಾಕಿ, ಹೊಳೆಯುವ ಬಣ್ಣ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಪ್ರತಿಕಾಯ ಅಂಟಿದ್ದರೆ ಜೀವಕೋಶದ ಸುತ್ತ ಹಸಿರು ಬಳೆ ತೊಡಿಸಿದಂತೆ ಕಾಣುತ್ತದೆ. ಸೊಸೆ ಅದರ ಫೋಟೋ ತೋರಿಸಿದಾಗ ನನಗೆ ಒಂದು ಕ್ಷಣ ಚೆಂದ ಎನಿಸಿ, ಮರುಕ್ಷಣ ಪುಟ್ಟಿಯ ನೆನಪಾಗಿ ಮುಖ ತಿರುಗಿಸಿದೆ. ನಮ್ಮ ಮಂಗಳೂರಿನ ಕೆ.ಎಸ್. ಹೆಗ್ಡೆ ಮೆಡಿಕಲ್ ಅಕಾಡೆಮಿಯಲ್ಲಿ ನರತಜ್ಞೆ ಡಾ. ಲೇಖಾ ಪಂಡಿತ್ ಇಂಥ ಕಾಯಿಲೆಗಳ ಮೇಲೆ ಬಹಳ ವರ್ಷ ದುಡಿದು, ಈ ಜೀವಕೋಶದ ಪರೀಕ್ಷೆಯನ್ನೂ ಬಳಕೆಗೆ ತಂದವರು. ಕಣ್ಣಿಗೆ ಹೀಗಾದವರ ಮನೆಯವರು ಯಾರಾದರೂ ಓದುತ್ತಿದ್ದರೆ ಒಂದು ಮಾತು: ‘ಮಾಗ್ ಪರೀಕ್ಷೆ ಆಗಿದೆಯಾ’ ಎಂದಷ್ಟೇ ಕೇಳಬೇಡಿ, ‘ಜೀವಕೋಶದ ಮೇಲೆ ಮಾಡಿದ್ದಾ’ ಎಂದೂ ಕೇಳಿ. ಕೇಳಲು ಸಂಕೋಚವೇನೂ ಬೇಡ.

ಇನ್ನು ಮನೆತನದ ಕಥೆ. ನನ್ನ ಸೋದರಮಾವ, ಅಮ್ಮನ ಒಬ್ಬನೇ ತಮ್ಮ, ಯಕ್ಷಗಾನದ ಹುಚ್ಚಿನವನು. 1971ರಲ್ಲಿ ಹತ್ತೊಂಬತ್ತು ವರ್ಷ. ರಾತ್ರಿ ಆಟ ನೋಡಿ ಬರುವಾಗ ನಾಯಿ ಕಚ್ಚಿತು. ಆ ಕಾಲದ ಚಿಕಿತ್ಸೆ ನಿಮಗೆ ನೆನಪಿರಬಹುದು: ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್. ದಿನಾ ಬಸ್ಸಿನಲ್ಲಿ ಹೋಗಿ ಚುಚ್ಚಿಸಿಕೊಂಡು ಬರುತ್ತಿದ್ದ. ಹನ್ನೆರಡನೆಯದು ಆದ ಮರುದಿನ ಬೆಳಿಗ್ಗೆ ಹಾಸಿಗೆಯಿಂದ ಏಳಲಾಗಲಿಲ್ಲ. ಕಾಲು ಎರಡೂ ಸತ್ತಂತೆ. ಮೂತ್ರ ಕಟ್ಟಿತು. ಜೀವ ಉಳಿಯಿತು, ಆರೇಳು ತಿಂಗಳಿಗೆ ಕೋಲು ಹಿಡಿದು ನಡೆಯುವಷ್ಟಾದ. ಗೊತ್ತಾಗಿದ್ದ ಸಂಬಂಧ ಮುರಿಯಿತು. 1998ರಲ್ಲಿ ಸಾಯುವವರೆಗೂ ಅಮ್ಮನ ಮನೆಯ ಜಗಲಿಯಲ್ಲಿ ಕೂತು ಅಡಿಕೆ ಸುಲಿದ. “ನಾಯಿಯ ವಿಷ ಕಾಲಿಗಿಳಿಯಿತು, ಪುಣ್ಯಕ್ಕೆ ತಲೆಗೇರಲಿಲ್ಲ” ಎಂದು ಅಮ್ಮ ಹೇಳುತ್ತಲೇ ಬಂದಳು.

ಅದು ನಾಯಿಯ ವಿಷವಾಗಿರಲಿಲ್ಲ. 1911ರಲ್ಲಿ ಕಸೌಲಿಯಲ್ಲಿ ಡೇವಿಡ್ ಸೆಂಪಲ್ ಎಂಬ ವೈದ್ಯ ರೂಪಿಸಿದ ಆ ಲಸಿಕೆಯನ್ನು ನಮ್ಮ ದೇಶದಲ್ಲಿ ಕುರಿಯ ಮೆದುಳಿನಲ್ಲಿ ರೋಗಾಣು ಬೆಳೆಸಿ, ಫೀನಾಲ್ ಹಾಕಿ ಕೊಂದು ತಯಾರಿಸುತ್ತಿದ್ದರು. ಸತ್ತ ರೋಗಾಣುವಿನ ಜೊತೆ ಕುರಿಯ ನರಕವಚವೂ ಹದಿನಾಲ್ಕು ದಿನ ಹೊಟ್ಟೆಯೊಳಗೆ ಹೋಗುತ್ತಿತ್ತು. ಕುರಿಯ ಮೈಲಿನ್ನಿಗೂ ನಮ್ಮದಕ್ಕೂ ಹೋಲಿಕೆ ಬಹಳ. ಕೆಲವರ ರಕ್ತ ಅದನ್ನು ಶತ್ರು ಎಂದು ಬಗೆದು, ಅದರ ವಿರುದ್ಧ ಸೇನೆ ಕಟ್ಟಿ, ಕೊನೆಗೆ ಸ್ವಂತ ನರಗಳ ಮೇಲೆಯೇ ನುಗ್ಗುತ್ತಿತ್ತು. ಕೆಲವು ಕಡೆ ಕೆಲವು ನೂರಕ್ಕೊಬ್ಬರು, ಕೆಲವು ಕಡೆ ಕೆಲವು ಸಾವಿರಕ್ಕೊಬ್ಬರು ಹೀಗೆ ಕೈಕಾಲು ಕಳೆದುಕೊಂಡರು. ಪಾಶ್ಚರನ ಕಾಲದಿಂದಲೂ ಇಂಥ ಪ್ರಕರಣಗಳಿದ್ದವು. ಅದರ ಕಾರಣ ಹುಡುಕಲೆಂದೇ 1933ರಲ್ಲಿ ನ್ಯೂಯಾರ್ಕಿನಲ್ಲಿ ಥಾಮಸ್ ರಿವರ್ಸ್ ಎಂಬಾತ ಕೋತಿಗಳಿಗೆ ಮೊಲದ ಮೆದುಳಿನ ರಸ ಮತ್ತೆ ಮತ್ತೆ ಚುಚ್ಚಿ ನೋಡಿದ. ಕೆಲವು ಕೋತಿಗಳು ಕಾಲೆಳೆದವು. 1987ರಲ್ಲಿ ಥಾಯ್ಲೆಂಡಿನ ಇಂಥ ರೋಗಿಗಳ ರಕ್ತದಲ್ಲಿ ಮೈಲಿನ್ನಿನ ಇನ್ನೊಂದು ಪ್ರೋಟೀನಿನ ವಿರುದ್ಧ ಪ್ರತಿಕಾಯ ಸಿಕ್ಕಿತು. ನಮ್ಮ ದೇಶದಲ್ಲಿ ಕುರಿಮೆದುಳಿನ ಲಸಿಕೆ ತಯಾರಿಸುವುದು ನಿಂತದ್ದು 2004ರ ಡಿಸೆಂಬರಿನಲ್ಲಿ. ಮಾವ ಹೋಗಿ ಆರು ವರ್ಷವಾಗಿತ್ತು.

ಹಾಗೆಂದು ಆ ಲಸಿಕೆ ಹಾಕಿಸಬಾರದಿತ್ತೇ? ಹುಚ್ಚುನಾಯಿಯ ರೋಗ ತಲೆಗೇರಿದರೆ ಸಾವೇ ಗತಿ. ಲಕ್ಷಾಂತರ ಜನರನ್ನು ಉಳಿಸಿದ್ದೂ ಅದೇ ಹದಿನಾಲ್ಕು ಸೂಜಿ. ಈಗಿನ ಲಸಿಕೆಯಲ್ಲಿ ಮೆದುಳೂ ಇಲ್ಲ, ಹೊಕ್ಕುಳೂ ಇಲ್ಲ. ಜೀವಕೋಶಗಳಲ್ಲಿ ಬೆಳೆಸಿದ್ದು, ತೋಳಿಗೆ ನಾಲ್ಕೈದು ಸಲ. ನಾಯಿ ಕಚ್ಚಿದರೆ ಗಾಯವನ್ನು ಸೋಪು ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ. ಅರಿಸಿನ, ಸುಣ್ಣ, ಮಂತ್ರ ಆಮೇಲಿರಲಿ.

ಸೊಸೆ ಇದನ್ನೆಲ್ಲ ಹೇಳಿದಾಗ ಅಮ್ಮ ಕೈಯಲ್ಲಿದ್ದ ಹೂಬತ್ತಿ ಹೊಸೆಯುವುದನ್ನು ನಿಲ್ಲಿಸಿದಳು. “ಹಾಗಾದರೆ ಅವನನ್ನು ಬೈದು ಬೈದು ಪೂರ್ತಿ ಹದಿನಾಲ್ಕು ಹಾಕಿಸಿಕೋ ಅಂತ ಕಳಿಸಿದ್ದು ನಾನು” ಎಂದಳು. “ಕಳಿಸದಿದ್ದರೆ ಅಡಿಕೆ ಸುಲಿಯಲಿಕ್ಕೂ ಇರುತ್ತಿರಲಿಲ್ಲ ಅಜ್ಜಿ” ಎಂದಳು ಸೊಸೆ. ಅಮ್ಮ ಒಪ್ಪಿದಳೋ ಇಲ್ಲವೋ, ಅವತ್ತು ರಾತ್ರಿ ಊಟಕ್ಕೆ ಬರಲಿಲ್ಲ.

ಸೊಸೆಯ ಕೆಲಸ ಇರುವುದು ಇಲಿಗಳ ಜೊತೆ. ಇದನ್ನು ಅವಳು ಮೊದಲಿಗೆ ಹೇಳಿರಲಿಲ್ಲ. ನಾನೇ ಕೆದಕಿ ಕೇಳಿದೆ. ಆ ಬಿಳಿಪುಡಿಯನ್ನು ಎಣ್ಣೆಯಂಥ ಮಿಶ್ರಣದಲ್ಲಿ, ಸತ್ತ ಕ್ಷಯದ ಕ್ರಿಮಿಗಳ ಜೊತೆ ಕಡೆದು ಇಲಿಯ ಚರ್ಮದಡಿ ಚುಚ್ಚುತ್ತಾರೆ. ಎರಡು ವಾರ ಕಳೆಯುವ ಹೊತ್ತಿಗೆ ಇಲಿಯ ಬಾಲ ಜೋತುಬೀಳುತ್ತದೆ. ಅದಕ್ಕೆ ಒಂದು ಅಂಕ. ಹಿಂಗಾಲು ಸೋತರೆ ಎರಡು, ಪೂರ್ತಿ ಬಿದ್ದರೆ ಮೂರು, ಮುಂಗಾಲೂ ಹೋದರೆ ನಾಲ್ಕು. ಐದು ಎಂದರೆ ಸಾವು. ಅಷ್ಟರವರೆಗೆ ಹೋಗಲು ಬಿಡುವುದಿಲ್ಲ ಎಂದಳು. ಇಲಿಯದೇ ಪ್ರೋಟೀನು ಸಾಲದೇ, ಮನುಷ್ಯರದೇ ಯಾಕೆ ಎಂದರೆ ಅದಕ್ಕೂ ಕಾರಣವಿದೆ. ಇಲಿಯ ಮೊಗದ 35ರಿಂದ 55ನೆಯ ಮಣಿಯವರೆಗಿನ ಸಣ್ಣ ತುಂಡು ಕೊಟ್ಟರೂ ಕಾಯಿಲೆ ಬರುತ್ತದೆ. ಆದರೆ ಅದರಲ್ಲಿ ಪ್ರತಿಕಾಯಗಳ ಕೈವಾಡ ಬೇಕಾಗುವುದಿಲ್ಲ. ಮಾನವ ಮೊಗದ ಹೊರಚಾಚಿದ ಭಾಗ ಇಡಿಯಾಗಿ ಕೊಟ್ಟಾಗ ಮಾತ್ರ ಪ್ರತಿಕಾಯ ಮಾಡುವ ಬಿ ಜೀವಕೋಶಗಳಿಲ್ಲದೆ ಕಾಯಿಲೆ ಬರುವುದಿಲ್ಲ. 42ನೆಯ ಮಣಿ ಇಲಿಯಲ್ಲಿ ಒಂದು, ನಮ್ಮಲ್ಲಿ ಇನ್ನೊಂದು. ಅಷ್ಟು ಸಣ್ಣ ವ್ಯತ್ಯಾಸಕ್ಕೆ ಇಷ್ಟು ಫರಕು. ಪ್ರತಿಕಾಯ ಮಾಡುವ ಜೀವಕೋಶಗಳನ್ನೇ ತಡೆಯುವ ಔಷಧ ಹೇಗೆ ಕೆಲಸ ಮಾಡುತ್ತದೆ ಎಂದು ನೋಡಬ��ಕಾದರೆ ಈ ಇಲಿಯೇ ಬೇಕು.

ತಂಗಿ ಇದನ್ನು ಕೇಳಿ, “ಎಷ್ಟಾದರೂ ಇಲಿ ಸಾಯಲಿ, ನನ್ನ ಮಗಳ ಕಣ್ಣು ಉಳಿದರೆ ಸಾಕು” ಎಂದಳು. ಅಮ್ಮನಿಗೆ ಮಾತ್ರ ಬಾಲ ಜೋತುಬೀಳುವುದು ಮನಸ್ಸಿನಿಂದ ಹೋಗಲಿಲ್ಲ. ಅಟ್ಟದ ಮೇಲೆ ಸುಟ್ಟ ಕೊಬ್ಬರಿ ಇಟ್ಟು ಇಲಿಬೋನು ಹಚ್ಚುವವಳೂ ಇವಳೇ! “ಅದು ನನ್ನ ಅಕ್ಕಿ ತಿಂದದ್ದಕ್ಕೆ. ಅವು ಪಾಪ ಯಾರದೇನು ತಿಂದಿದ್ದವು?” ಎಂದು ವಾದಿಸಿದಳು. ಬಾಲ ಮತ್ತೆ ಎದ್ದು ನಿಲ್ಲುವುದೇ ಇಲ್ಲವೇ ಎಂದು ಕೇಳಿದಳು. “ಕೆಲವಕ್ಕೆ ನಿಲ್ಲುತ್ತದೆ ಅಜ್ಜಿ” ಎಂದಳು ಸೊಸೆ. ನನಗೆ ಇಬ್ಬರ ಮಾತೂ ಸರಿ ಎನಿಸಿತು. ಸೊಸೆಯ ಕಡೆಗೇ ಸ್ವಲ್ಪ ವಾಲುತ್ತೇನೆ, ಏಕೆಂದರೆ ಮಾವನ ಕಾಲದಲ್ಲಿ ಈ ಪ್ರಯೋಗ ಮನುಷ್ಯರ ಮೇಲೆಯೇ, ಪ್ರಯೋಗವೆಂದು ಯಾರಿಗೂ ತಿಳಿಯದೆ ನಡೆದುಹೋಗಿತ್ತು. ಅವಳು ಪ್ರತಿ ದಿನ ಬೆಳಿಗ್ಗೆ ಇಲಿಗಳ ಅಂಕ ಬರೆಯುವ ಪುಸ್ತಕವನ್ನೂ ನೋಡಿದೆ. ಅಕ್ಷರ ದುಂಡಗಿತ್ತು. ಮೂರು ಬಂದ ದಿನ ಅವಳು ಮಧ್ಯಾಹ್ನ ಡಬ್ಬಿ ತೆರೆಯುವುದಿಲ್ಲ ಎಂದು ನನ್ನ ಮಗ ಹೇಳಿದ.

ಪುಟ್ಟಿಗೆ ಒಂದು ಸಲ, 2023ರ ಮಳೆಗಾಲದಲ್ಲಿ, ಕಾಯಿಲೆ ಮರುಕಳಿಸಿತು. ಈ ಸಲ ಎಡಗಣ್ಣು ಮಾತ್ರ. ರಿಬ್ಬನ್ ಬಣ್ಣ ಬದಲಾದ ದಿನವೇ ಹೊರಟದ್ದರಿಂದ ಬೇಗ ಹತೋಟಿಗೆ ಬಂತು. ಆಮೇಲೆ ಬಂದಿಲ್ಲ. ಪ್ರತಿಕಾಯ ಮೊದಲು 320 ಪಟ್ಟು ತೆಳು ಮಾಡಿದರೂ ಹೊಳೆಯುತ್ತಿದ್ದದ್ದು ಕಳೆದ ಸಲ 40ಕ್ಕೆ ಇಳಿದಿದೆ. ಪೂರ್ತಿ ಹೋದರೆ ಒಳ್ಳೆಯ ಸೂಚನೆ, ಆದರೆ ಖಾತರಿಯಲ್ಲ ಎಂದಿದ್ದಾರೆ ವೈದ್ಯರು. ಸ್ಟೀರಾಯ್ಡ್ ನಿಂತು ಕೆನ್ನೆ ಇಳಿದಿದೆ. ಈಗ ಒಂಬತ್ತನೆಯ ತರಗತಿ. ಶಾಲೆಯಲ್ಲಿ ತನ್ನ ಕಾಯಿಲೆಯ ಪೂರ್ತಿ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳಿ ಗೆಳತಿಯರನ್ನು ಬೆರಗುಗೊಳಿಸುತ್ತಾಳೆ. ಹೆಸರು ಆಡಬೇಡಿ ಎಂದಿದ್ದ ಆ ನೆಂಟರ ಎದುರಿಗೂ ಒಮ್ಮೆ ಹೇಳಿದಳು.

ದಿನಾ ಬೆಳಿಗ್ಗೆ ಹಲ್ಲುಜ್ಜಿ ಬಂದವಳು ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನ ಮುಂದೆ ನಿಲ್ಲುತ್ತಾಳೆ. ಒಂದು ಕಣ್ಣು ಮುಚ್ಚಿ ಭಾನುವಾರಗಳ ಕೆಂಪು ಅಂಕಿ ನೋಡುತ್ತಾಳೆ, ಆಮೇಲೆ ಇನ್ನೊಂದು ಕಣ್ಣು ಮುಚ್ಚಿ. ತಂಗಿ ಒಲೆಯ ಮುಂದೆ ಬೆನ್ನು ಹಾಕಿ ನಿಂತು ದೋಸೆ ತಿರುವುತ್ತಿರುತ್ತಾಳೆ, ಕೇಳುವುದಿಲ್ಲ. “ಹಾಗೇ ಇದೆ” ಎಂದು ಪುಟ್ಟಿಯೇ ಹೇಳುತ್ತಾಳೆ. ಎಡಗಣ್ಣಿಗೆ ಕೆಂಪು ಇನ್ನೂ ಸ್ವಲ್ಪ ಇಟ್ಟಿಗೆಯ ಬಣ್ಣವೇ ಅಂತೆ.